ತೊಳೆಯಬಾರದ ಡಬ್ಬಿ

ಕನ್ನಮ್ಮ ತೊಳೆಯದೆ ಬಿಟ್ಟ ವಸ್ತು ಇಕ್ಕೇರಿ ರಸ್ತೆಯ ಆ ಮನೆಯಲ್ಲಿ ಯಾವುದೂ ಇರಲಿಲ್ಲ. ಪಾತ್ರೆ, ಬಟ್ಟೆ, ಕಿಟಕಿಯ ಸರಳು, ಫ್ಯಾನಿನ ರೆಕ್ಕೆ, ಗ್ಯಾಸ್ ಸಿಲಿಂಡರು, ಕೊನೆಗೆ ಸೋಪಿನ ಡಬ್ಬಿಯನ್ನೂ ಸೋಪು ಹಾಕಿ ತೊಳೆಯುವವಳು ಅವಳು. ಒಮ್ಮೆ ಮಗ ಸುರೇಂದ್ರ ತನ್ನ ಗೂಡ್ಸ್ ಗಾಡಿಯ ಯಾವುದೋ ಬಿಡಿಭಾಗಕ್ಕೆ ಗ್ರೀಸು ಹಚ್ಚಿ ಜಗಲಿಯಲ್ಲಿಟ್ಟು ಊಟಕ್ಕೆ ಕೂತಿದ್ದ. ಅವನು ಉಂಡು ಏಳುವಷ್ಟರಲ್ಲಿ ಅದು ಹುಣಸೆಹಣ್ಣಿನಿಂದ ತಿಕ್ಕಿಸಿಕೊಂಡು ಫಳಫಳ ಹೊಳೆಯುತ್ತ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಿಸಿಲು ಕಾಯಿಸುತ್ತಿತ್ತು. ಅವನು ತಲೆಯ ಮೇಲೆ ಕೈ ಹೊತ್ತು ಕೂತ. ಅವಳಿಗೆ ಅರ್ಥವಾಗಲಿಲ್ಲ. ಕೊಳೆ ಹೋಗಿದೆ, ಇನ್ನೇನು ಬೇಕು?

ಈ ಹಟಕ್ಕೊಂದು ಬೇರಿತ್ತು. ಚಿಕ್ಕವಳಿದ್ದಾಗ ಅವಳು ಅವ್ವನ ಹಿಂದೆ ಒಡೆಯರ ಮನೆಗೆ ಹೋಗುತ್ತಿದ್ದಳು. ಆಗ ಇವರು ಗೇಣಿ ಒಕ್ಕಲು. ಅವ್ವ ಅವರ ಹಿತ್ತಿಲಲ್ಲಿ ಕೂತು ಹಂಡೆ, ಚರಿಗೆಗಳನ್ನು ಬೂದಿ ಹಾಕಿ ತಿಕ್ಕಿ, ಮುಖ ಕಾಣುವ ಹಾಗೆ ಬೆಳಗಿ ಕವುಚಿ ಇಡುತ್ತಿದ್ದಳು. ಆ ಮನೆಯವರು ಬಂದು ಅದರ ಮೇಲೆ ಇನ್ನೊಮ್ಮೆ ನೀರು ಸುರಿದು ಆಮೇಲೆ ಒಳಗೆ ಒಯ್ಯುತ್ತಿದ್ದರು. ಯಾಕೆ ಎಂದು ಕೇಳಿದರೆ ಅವ್ವ ಸುಮ್ಮನಿರು ಎನ್ನುತ್ತಿದ್ದಳು. ಗೇಣಿ ಭೂಮಿ ಉಳುವವರ ಹೆಸರಿಗೆ ಆದ ಕಾಲದಲ್ಲಿ ಕನ್ನಮ್ಮ ಭೂತಪ್ಪನನ್ನು ಮದುವೆಯಾಗಿ ಈ ಮನೆಗೆ ಬಂದಳು. ಬರುವಾಗಲೇ ಒಂದು ತೀರ್ಮಾನ ಮಾಡಿಕೊಂಡಿದ್ದಳು: ತಾನು ತೊಳೆದದ್ದರ ಮೇಲೆ ಇನ್ನು ಯಾರೂ ನೀರು ಹಾಕುವಂತಾಗಬಾರದು.

ಹಾಗೇ ಆಯಿತು. ಆದರೆ ಅದನ್ನು ಯಾರೂ ಗಮನಿಸಲಿಲ್ಲ. ತೊಳೆದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ, ತೊಳೆಯದೆ ಉಳಿದದ್ದು ಮಾತ್ರ ಎಲ್ಲರಿಗೂ ಕಾಣುತ್ತದೆ. ಜಗಲಿಯಲ್ಲಿ ಎಲೆಅಡಿಕೆ ಹಾಕಿಕೊಂಡು ಕೂರುವ ಭೂತಪ್ಪನಿಗೆ ಚಾ ಲೋಟದ ಅಂಚಿನ ಕರೆ ಕಾಣುತ್ತಿತ್ತು. ಲೋಟವನ್ನು ಒಳಗೆ ಒಯ್ದಿಡುವ ದಾರಿ ಮಾತ್ರ ಕಾಣುತ್ತಿರಲಿಲ್ಲ.

ಅಂಥ ಮನೆಗೆ ಮೀನಿನ ತೊಟ್ಟಿ ಬಂದದ್ದು ಸೊಸೆ ಶ್ಯಾಮಲಾಳ ದೆಸೆಯಿಂದ. ಶ್ಯಾಮಲಾ ಜಗಲಿಯ ಒಂದು ತುದಿಯಲ್ಲಿ ಹೊಲಿಗೆ ಮಿಶನ್ನು ಇಟ್ಟುಕೊಂಡು ಸಾಗರದ ಅರ್ಧ ಪೇಟೆಗೆ ರವಿಕೆ ಹೊಲಿಯುವವಳು. ಅವಳ ಹತ್ತಿರ ಹೊಲಿಸುತ್ತಿದ್ದ ಸುಮನಾ ಎಂಬ ಬ್ಯಾಂಕ್ ಅಧಿಕಾರಿಗೆ ಹೊಸನಗರಕ್ಕೆ ವರ್ಗವಾಯಿತು. ತಮ್ಮ ಮನೆಯಲ್ಲಿದ್ದ ಎರಡು ತೊಟ್ಟಿಗಳಲ್ಲಿ ಒಂದನ್ನು ಮೀನು ಸಮೇತ ಇವಳಿಗೆ ಕೊಟ್ಟು ಹೋದರು. ಮಿಶನ್ನಿನ ಪಕ್ಕದಲ್ಲೇ ಅದಕ್ಕೆ ಜಾಗವಾಯಿತು.

ಆ ಮಿಶನ್ನಿನ ಕತೆಯನ್ನೂ ಇಲ್ಲೇ ಹೇಳಿಬಿಡಬೇಕು. ಯಾರೋ ಮದುವೆಯವರು ತರಿಸಿ ಆಮೇಲೆ ಬೇಡವೆಂದ ನೇರಳೆ ಬಣ್ಣದ ನೂಲಿನ ದೊಡ್ಡ ರೀಲು ಅವಳ ಬಳಿ ಉಳಿದುಬಿಟ್ಟಿತ್ತು. ಗಿರಾಕಿಗಳ ಬಟ್ಟೆಗೆ ಒಪ್ಪುವ ನೂಲು, ಮನೆಯ ಬಟ್ಟೆಗೆಲ್ಲ ನೇರಳೆ. ಮಾವನ ಬಿಳಿ ಅಂಗಿಯ ಗುಂಡಿಗೆ ನೇರಳೆ, ತಲೆದಿಂಬಿನ ಅಂಚಿಗೆ ನೇರಳೆ, ಅತ್ತೆಯ ರವಿಕೆಯ ಕಂಕುಳಿಗೆ ನೇರಳೆ. ರೀಲು ಮುಗಿಯುವ ಲಕ್ಷಣವೇ ಇರಲಿಲ್ಲ.

ತೊಟ್ಟಿ ಬಂದಾಗ ಭೂತಪ್ಪ ಸುತ್ತಲೂ ಒಂದು ಸುತ್ತು ಬಂದು ನೋಡಿದ. ಮಳೆ ಹಿಡಿಯುವ ಹೊತ್ತಿಗೆ ಗದ್ದೆಯಂಚಿನ ಹರಿವಿಗೆ ಬಿದಿರಿನ ಕೂಣಿಯೊಡ್ಡಿ, ಹೊಸ ನೀರಿಗೆ ಹತ್ತಿ ಬರುವ ಮೀನು ಹಿಡಿದು ಸಾರು ಮಾಡಿ ಉಂಡ ಮನೆ ಅದು. “ಮೀನು ಇರದು ಸಾರಿಗೆ ಮಾರಾಯ್ತಿ” ಎಂದು ಹೆಂಡತಿಗೆ ಹೇಳಿದ. “ಇದೆಂತ, ಮೀನಿಗೆ ನಾವೇ ಊಟ ಹಾಕದಾ?” ಆಮೇಲೆ ಬಂದವರಿಗೆಲ್ಲ ಇದೇ ಮಾತನ್ನು ಹೇಳಿ ಹೇಳಿ, ಹೇಳುವಾಗ ತೊಟ್ಟಿಯನ್ನು ಕೈ ತೋರಿಸಿ ತೋರಿಸಿ, ಅದು ತನ್ನದೇ ಎನ್ನುವಂತೆ ಮಾಡಿಕೊಂಡ.

ಕನ್ನಮ್ಮನಿಗೆ ಆಶ್ಚರ್ಯವಾದದ್ದು ಮೀನಿನಿಂದಲ್ಲ. ಸಂಜೆ ಮಿಶನ್ನು ನಿಲ್ಲಿಸಿ, ದೀಪ ಹಚ್ಚುವುದಕ್ಕೆ ಮುಂಚೆ, ಶ್ಯಾಮಲಾ ಆ ತೊಟ್ಟಿಯ ಮುಂದೆ ಮಣೆ ಹಾಕಿಕೊಂಡು ಕೂರುತ್ತಿದ್ದಳು. ಕೈಯಲ್ಲಿ ಸೊಪ್ಪಿಲ್ಲ, ಸೂಜಿಯಿಲ್ಲ, ಫೋನೂ ಇಲ್ಲ. ಆ ಮನೆಯಲ್ಲಿ ಹೆಂಗಸೊಬ್ಬಳು ಬರಿಗೈಯಲ್ಲಿ ಕೂತದ್ದನ್ನು ಕನ್ನಮ್ಮ ಅದುವರೆಗೆ ನೋಡಿರಲಿಲ್ಲ. ಮೊದಲ ದಿನ ಹುಡುಗಿಗೆ ಮೈಯಲ್ಲಿ ಹುಷಾರಿಲ್ಲವೇನೋ ಎಂದು ಹಣೆ ಮುಟ್ಟಿ ನೋಡಿದಳು. ಬಿಸಿ ಇರಲಿಲ್ಲ. ಆಮೇಲೆ ತಾನೂ ಅವರೆಕಾಯಿ ಸುಲಿಯುವ ನೆವದಲ್ಲಿ ಪಕ್ಕದಲ್ಲಿ ಕೂರತೊಡಗಿದಳು. ಸ್ವಲ್ಪ ದಿನಕ್ಕೆ ಅವರೆಕಾಯಿಯೂ ಬೇಡವಾಯಿತು. ಬಂಗಾರದ ಬಣ್ಣದ ಮೀನುಗಳ ನಡುವೆ ಒಂದು ಕರಿಯದಿತ್ತು. ಹೊರಗೆ ಚಾಚಿದ ಕಣ್ಣು, ದಪ್ಪ ಹೊಟ್ಟೆ, ಅವಸರವೇ ಇಲ್ಲದ ನಡೆ. ಕನ್ನಮ್ಮ ಅದಕ್ಕೆ ಎಮ್ಮೆ ಎಂದು ಹೆಸರಿಟ್ಟಳು. ಶ್ಯಾಮಲಾ ಬಿದ್ದು ಬಿದ್ದು ನಕ್ಕಳು. ಅತ್ತೆ ಸೊಸೆ ಇಬ್ಬರೂ ಸೇರಿ ಏನೂ ಮಾಡದೆ ಕೂರುವ ಹೊತ್ತು ದಿನಕ್ಕೆ ಅದೊಂದೇ ಆಗಿತ್ತು.

ಭೂಮಿ ಹುಣ್ಣಿಮೆಗೆ ಇನ್ನು ಕೆಲವು ದಿನ ಇರುವಾಗ ಕವಲೇದುರ್ಗದ ಬುಡದಲ್ಲಿರುವ ಶ್ಯಾಮಲಾಳ ತವರಿನಿಂದ ಫೋನು ಬಂತು. ಅವಳ ಅವ್ವನಿಗೆ ತೀರ್ಥಹಳ್ಳಿಯಲ್ಲಿ ಕಣ್ಣಿನ ಪೊರೆ ತೆಗೆಸುವುದಿತ್ತು. ಆ ಮನೆಯಲ್ಲಿ ಇಬ್ಬರು ಗಂಡುಮಕ್ಕಳಿದ್ದರೂ ಕಣ್ಣಿಗೆ ಔಷಧಿ ಬಿಡಲು ಮಗಳೇ ಬರಬೇಕಿತ್ತು. ಶ್ಯಾಮಲಾ ಬಟ್ಟೆ ತುಂಬಿಕೊಂಡಳು. ಹೊರಡುವ ಮುಂಚೆ ಅತ್ತೆಯನ್ನು ತೊಟ್ಟಿಯ ಹತ್ತಿರ ಕರೆದು ಹಿಂಬದಿಗೆ ನೇತುಹಾಕಿದ್ದ ಕರಿ ಡಬ್ಬಿಯ ಮುಚ್ಚಳ ತೆಗೆದು ತೋರಿಸಿದಳು. ಅದೇ ಫಿಲ್ಟರು. ಸಣ್ಣ ಮೋಟರು ತೊಟ್ಟಿಯ ನೀರನ್ನೆತ್ತಿ ಅದರೊಳಗೆ ಬಿಡುತ್ತದೆ. ನೀರು ಮೊದಲು ಸ್ಪಂಜಿನ ಮೂಲಕ, ಆಮೇಲೆ ಬೊಂಬೆಯ ಕೈಗೂ ಚಿಕ್ಕದಾದ ಪಿಂಗಾಣಿ ಬಳೆಗಳ ರಾಶಿಯ ಮೂಲಕ ಹಾದು ಮತ್ತೆ ತೊಟ್ಟಿಗೆ ಇಳಿಯುತ್ತದೆ.

“ಅತ್ತೆ, ನೀರು ಬೀಳದು ನಿಧಾನ ಆದ್ರೆ, ತೊಟ್ಟಿಯಿಂದ್ಲೇ ಒಂದ್ ತಂಬಿಗೆ ನೀರು ತೆಗ್ದು ಅದ್ರಲ್ಲಿ ಸ್ಪಂಜು ಹಿಂಡಿ ಇಟ್ಬಿಡಿ. ಬಳೆ ಮುಟ್ಟದೇ ಬ್ಯಾಡ. ಹೊಸ ಸ್ಪಂಜು ತಂದಿಟ್ಟೀನಿ, ಬಂದ್ಮೇಲೆ ಅರ್ಧ ಬದಲ್ಸಣ.”

ಕನ್ನಮ್ಮ ಆಯಿತು ಎಂದಳು. ಅವಳ ಕಣ್ಣು ಮಾತ್ರ ಡಬ್ಬಿಯೊಳಗೆ ನೆಟ್ಟಿತ್ತು. ಬಳೆಗಳ ಮೇಲೆ ಕಂದು ಬಣ್ಣದ ಲೋಳೆ ಕಟ್ಟಿತ್ತು. ಇಷ್ಟು ದಿನ ತನ್ನ ಮೂಗಿನ ಕೆಳಗೇ ಇಂಥದ್ದೊಂದು ಇತ್ತೇ? ಕೊಳಕನ್ನು ಕೊಳಕು ನೀರಲ್ಲಿ ಅದ್ದಿ ತೆಗೆಯುವುದು ಎಲ್ಲಾದರೂ ತೊಳೆಯುವುದಾಯಿತೇ? ಯೋಚಿಸಿದಾಗ ಅವಳಿಗೆ ವಿಷಯ ಹೊಳೆಯಿತು. ಹುಡುಗಿ ಕರುಣೆಯಿಂದ ಹಾಗೆ ಹೇಳಿದ್ದಾಳೆ. ಹಬ್ಬದ ಮುಂದೆ ಅತ್ತೆಗೆ ಇನ್ನೊಂದು ಕೆಲಸ ಬೇಡ ಎಂದು ಹಗುರ ಮಾಡಿ ಹೇಳಿದ್ದಾಳೆ. ಅವಳ ಒಳ್ಳೆಯತನ ನೆನೆದು ಕನ್ನಮ್ಮನಿಗೆ ಮನಸ್ಸು ತುಂಬಿ ಬಂತು. ಹಿಂದಿರುಗುವಷ್ಟರಲ್ಲಿ ಆ ಡಬ್ಬಿಯನ್ನು ಹೊಳೆಯುವ ಹಾಗೆ ಮಾಡಿಡಬೇಕು ಎಂದು ಆಗಲೇ ನಿಶ್ಚಯಿಸಿದಳು.

ಭೂಮಿ ಹುಣ್ಣಿಮೆಯೆಂದರೆ ಅವರ ಕಡೆ ದೊಡ್ಡ ಹಬ್ಬ. ಗದ್ದೆಯಲ್ಲಿ ಭತ್ತ ಹೊಡೆ ತುಂಬಿ ನಿಂತಿರುತ್ತದೆ. ಬಸಿರಿಯಾದ ಭೂಮಿಗೆ ಅಂದು ಬಯಕೆಯ ಊಟ. ಆ ಊಟವನ್ನು ಹೊತ್ತೊಯ್ಯುವ ಭೂಮಣ್ಣಿ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಪುಂಡಿ ನಾರಿನ ಕುಂಚದಿಂದ ಹೆಂಗಸರು ಚಿತ್ತಾರ ಬರೆಯುತ್ತಾರೆ. ತಲೆಯ ಮೇಲೆ ಹೊತ್ತು ಬೆಳಗಿನ ಜಾವ ಗದ್ದೆಗೆ ಒಯ್ಯುವವರು ಗಂಡಸರು. ಕನ್ನಮ್ಮನ ಪದ್ಧತಿಯಲ್ಲಿ ಮನೆಯ ಎಲ್ಲವೂ ತೊಳೆದಾಗುವವರೆಗೆ ಕುಂಚ ಕೈಗೆತ್ತುವಂತಿರಲಿಲ್ಲ.

ಹಾಗಾಗಿ ಆ ವಾರ ಅವಳು ಅಟ್ಟದಿಂದ ಶುರುಮಾಡಿ ಜಗಲಿಗೆ ಬಂದಳು. ಫಿಲ್ಟರಿನ ಮೋಟರು ಆರಿಸಿ, ಬಳೆಗಳನ್ನು ಬಚ್ಚಲ ಹಂಡೆಯ ಕುದಿನೀರಿಗೆ ಹಾಕಿ, ಅಂಟುವಾಳದ ನೊರೆಯಲ್ಲಿ ಒಂದೊಂದನ್ನೇ ತಿಕ್ಕಿ, ಒಳಗಿನ ತೂತಿಗೆ ತೆಂಗಿನ ಗರಿಯ ಕಡ್ಡಿ ಹಾಯಿಸಿ, ಮೊರದಲ್ಲಿ ಹರಡಿ ಬಿಸಿಲಿಗಿಟ್ಟಳು. ಸಂಜೆಗೆ ಅವು ಮಲ್ಲಿಗೆ ಮೊಗ್ಗಿನಷ್ಟು ಬೆಳ್ಳಗಾಗಿದ್ದವು. ಹಳೆ ಸ್ಪಂಜನ್ನು ತಿಪ್ಪೆಗೆಸೆದು ಹೊಸದನ್ನು ಪೂರ್ತಿ ತುಂಬಿದಳು. ಡಬ್ಬಿಯ ಹೊರಮೈಯನ್ನೂ ಬಿಡಲಿಲ್ಲ. ಮೋಟರು ಹಾಕಿದಾಗ ನೀರು ಧೋ ಎಂದು ಸುರಿಯಿತು. ಕನ್ನಮ್ಮ ಸೊಂಟಕ್ಕೆ ಕೈಯಿಟ್ಟು ನಿಂತು ಆ ಸದ್ದನ್ನು ಹಾಡು ಕೇಳುವಂತೆ ಕೇಳಿದಳು.

ಮರುದಿನ ಏನೂ ಆಗಲಿಲ್ಲ. ಅದರ ಮರುದಿನ ತೊಟ್ಟಿಯ ನೀರು ಅಕ್ಕಿ ತೊಳೆದ ನೀರಿನಂತೆ ಮಬ್ಬಾಯಿತು. ಮೀನುಗಳು ಮೇಲೆ ಬಂದು ಬಾಯಿ ತೆರೆದು ತೆರೆದು ಮುಚ್ಚತೊಡಗಿದವು. ಬಾಯಿ ತೆರೆದವರಿಗೆ ಊಟ ಹಾಕುವುದಷ್ಟೇ ಕನ್ನಮ್ಮನಿಗೆ ಗೊತ್ತು. ಒಂದು ಚಿಟಿಕೆಯ ಜಾಗದಲ್ಲಿ ಒಂದು ಹಿಡಿ ಮೀನಿನ ಕಾಳು ಹಾಕಿದಳು. ಅವು ತಿನ್ನಲಿಲ್ಲ. ಬೆಳಗಾಗುವಾಗ ಕಾಳು ಉಬ್ಬಿ ತಳದಲ್ಲಿ ಕೂತಿತ್ತು. ಮೀನುಗಳ ಕಿವಿರು ಕೆಂಪಾಗಿ, ಎಮ್ಮೆ ಒಂದು ಮೂಲೆಯಲ್ಲಿ ವಾಲಿಕೊಂಡು ನಿಂತಿತ್ತು. ಗಾಜು ತಟ್ಟಿದರೆ ಕಣ್ಣು ಕೂಡ ಅಲುಗಿಸಲಿಲ್ಲ.

ಎರಡು ದಿನದಲ್ಲಿ ಶ್ಯಾಮಲಾ ಬರುತ್ತಾಳೆ. ಈ ಮನೆಯಲ್ಲಿ ಬೇರೆ ಯಾರಿಗೋ ಬೇಕೆಂದಲ್ಲದೆ, ತನಗೆ ಬೇಕು ಎಂದು ಆ ಹುಡುಗಿ ಇಟ್ಟುಕೊಂಡದ್ದು ಇದೊಂದೇ. ಅದನ್ನು ಅತ್ತೆಯ ಕೈಗೆ ಕೊಟ್ಟು ಹೋಗಿದ್ದಳು. ಅವಳಿಗೆ ಫೋನು ಮಾಡಲು ಕನ್ನಮ್ಮನಿಗೆ ಮನಸ್ಸಾಗಲಿಲ್ಲ. ಅವ್ವನ ಕಣ್ಣಿಗೆ ಕಟ್ಟಿದ ಬಟ್ಟೆಯನ್ನು ಇನ್ನೂ ಬಿಚ್ಚಿದ್ದಾರೋ ಇಲ್ಲವೋ. ಆಗ ನೆನಪಾದದ್ದು ಸುಮನಾ. ರವಿಕೆ ಆಯಿತೇ ಎಂದು ಅವರು ಕೇಳುತ್ತಿದ್ದದ್ದು ಕನ್ನಮ್ಮನ ಫೋನಿಗೇ. ಬ್ಯಾಂಕಿಗೆ ರಜೆಯ ಶನಿವಾರವಾದ್ದರಿಂದ ಒಂದೇ ಸಲಕ್ಕೆ ಸಿಕ್ಕಿದರು.

ಸುಮನಾ ಎಲ್ಲವನ್ನೂ ಕೇಳಿಸಿಕೊಂಡು, ಬಳೆ ತೊಳೆದದ್ದು ಯಾವುದರಲ್ಲಿ ಎಂದು ಕೇಳಿದರು. ಕುದಿನೀರು ಎಂದಾಗ ಅಯ್ಯೋ ಎಂದರು, ಅಂಟುವಾಳ ಎಂದಾಗ ಸುಮ್ಮನಾದರು, ಬಿಸಿಲಿಗಿಟ್ಟೆ ಎಂದಾಗ ನಕ್ಕುಬಿಟ್ಟರು. ಆಮೇಲೆ ನಿಧಾನವಾಗಿ ಬಿಡಿಸಿ ಹೇಳಿದರು. ಮೀನಿನ ಉಚ್ಚೆ, ಹೇಲು ನೀರಲ್ಲಿ ಸೇರಿ ವಿಷವಾಗುತ್ತದೆ. ಬಳೆಗೆ ಅಂಟಿದ್ದ ಲೋಳೆಯಲ್ಲಿ ಕಣ್ಣಿಗೆ ಕಾಣದ ಜೀವಗಳು ಮನೆ ಮಾಡಿಕೊಂಡು ಆ ವಿಷವನ್ನು ತಿಂದು ನೀರನ್ನು ತಿಳಿ ಮಾಡುತ್ತಿರುತ್ತವೆ. ಬಳೆಯ ಮೈಯೆಲ್ಲ ಸಣ್ಣ ಸಣ್ಣ ತೂತು ಇರುವುದೇ ಅವು ಕೂರಲಿ ಎಂದು. ಅವುಗಳನ್ನೆಲ್ಲ ನೀವು ಒಂದೇ ಬೆಳಗ್ಗೆ ಕಳಿಸಿಬಿಟ್ಟಿರಿ, ಸ್ಪಂಜಿನಲ್ಲಿ ಉಳಿದಿದ್ದವನ್ನೂ ಎಸೆದಿರಿ, ಈಗ ಮೀನು ತನ್ನ ಹೊಲಸಿನಲ್ಲೇ ಮುಳುಗುತ್ತಿದೆ.

ಯಾರ ಕಣ್ಣಿಗೂ ಬೀಳದೆ, ಹಗಲೂ ರಾತ್ರಿ ಇನ್ನೊಬ್ಬರ ಹೊಲಸು ತೆಗೆಯುತ್ತ ಕೂರುವವರು. ಇಲ್ಲವಾದ ಮೇಲೇ ಇದ್ದರೆಂದು ಗೊತ್ತಾಗುವವರು. ಅಂಥವರು ಯಾರೆಂದು ಕನ್ನಮ್ಮನಿಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ.

“ಹೆಪ್ಪಿನ ಪಾತ್ರೆ ತೊಳ್ದು ಒಣಗ್ಸಿ ಇಟ್ಟಂಗಾತು ನಾನು ಮಾಡಿದ್ದು, ಮೇಡಮ್ಮ” ಎಂದಳು.

“ಹಾಗೇ ಅಂದ್ಕೊಳ್ಳಿ. ನನ್ನ ಹತ್ರ ಹೆಪ್ಪು ಇದೆ, ಬಂದು ತಗೊಂಡು ಹೋಗಿ. ಅಲ್ಲೀವರೆಗೆ ಏನೂ ತಿನ್ನಕ್ಕೆ ಹಾಕ್ಬೇಡಿ. ಬೆಳಗ್ಗೆ, ಸಂಜೆ ನಾಲ್ಕರಲ್ಲಿ ಒಂದು ಭಾಗ ನೀರು ತೆಗೆದು ಬಾವಿ ನೀರು ಹಾಕಿ. ನಲ್ಲಿ ನೀರು ಬೇಡ, ಬ್ಲೀಚಿಂಗ್ ಇರುತ್ತೆ.”

ಹೆಪ್ಪು ಕಡ ತರುವುದು ಕನ್ನಮ್ಮನಿಗೆ ಹೊಸದಲ್ಲ. ಮೊಸರು ಹಾಳಾದಾಗ ಪಕ್ಕದ ಮನೆಗೆ ಲೋಟ ಹಿಡಿದು ಹೋಗದ ಹೆಂಗಸಿಲ್ಲ. ಈ ಪಕ್ಕದ ಮನೆ ಹೊಸನಗರದಲ್ಲಿತ್ತು, ಅಷ್ಟೆ. ಅವಳು ಒಳ್ಳೆ ಸೀರೆ ಉಟ್ಟಳು, ಸುರೇಂದ್ರನ ಊಟದ ಕ್ಯಾರಿಯರಿನ ಒಂದು ಡಬ್ಬಿ ತೆಗೆದುಕೊಂಡಳು. ಸುರೇಂದ್ರ ಬಾಡಿಗೆಗೆ ಹೋಗಿದ್ದ. ಜಗಲಿಗೆ ಬಂದು ಗಂಡನ ಮುಂದೆ ಬಕೀಟು ಇಟ್ಟಳು.

ಭೂತಪ್ಪ ಬಕೀಟನ್ನು ನೋಡಿದ, ಹೆಂಡತಿಯನ್ನು ನೋಡಿದ. ತನಗೆ ಅದೆಲ್ಲ ಬರುವುದಿಲ್ಲ ಎಂದ.

“ಗದ್ದೆಗೆ ನೀರು ಕಟ್ಟಕ್ಕೆ ಬರ್ತೈತಲ್ಲ. ಇದು ಗಾಜಿನ ಗದ್ದೆ ಅಂದ್ಕಳಿ. ಈಗ ಒಂದ್ಸಲ, ಸಂಜೆ ಒಂದ್ಸಲ. ನಾ ಬರದ್ರೊಳಗೆ ಮೀನಿಗೆ ಎಂತಾರೂ ಆತು ಅಂದ್ರೆ, ಈ ಸಲದ ಬುಟ್ಟಿ ನೀವೇ ಬರ್ಕಳಿ.”

ಭೂತಪ್ಪನಿಗೆ ಅದು ತಮಾಷೆಯಲ್ಲ ಎಂದು ತಿಳಿಯಿತು. ಚಿತ್ತಾರವಿಲ್ಲದ ಬುಟ್ಟಿ ತಲೆಯ ಮೇಲೆ ಹೊತ್ತು ಗದ್ದೆಯ ಹಾದಿಯಲ್ಲಿ ಊರ ಗಂಡಸರ ಜೊತೆ ನಡೆಯುವುದನ್ನು ಅವನು ಒಂದು ಗಳಿಗೆ ಯೋಚಿಸಿದ. ಎದ್ದು ಪಂಚೆ ಎತ್ತಿ ಕಟ್ಟಿದ.

ಸಾಗರದಲ್ಲಿ ಹೊಸನಗರದ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತಾಗ ಕನ್ನಮ್ಮನಿಗೆ ಮೀನಿನದೇ ಚಿಂತೆ. ಆದರೆ ಊರು ದಾಟಿ ಗಾಳಿ ಮುಖಕ್ಕೆ ಬಡಿದಾಗ ಒಂದು ವಿಚಿತ್ರ ಹೊಳೆದು ಅವಳು ನೆಟ್ಟಗೆ ಕೂತಳು. ಅದುವರೆಗೆ ಬಸ್ಸು ಹತ್ತಿದ್ದೆಲ್ಲ ಯಾರದಾದರೂ ಬಾಣಂತನಕ್ಕೆ, ಆಸ್ಪತ್ರೆಗೆ, ಮದುವೆಗೆ, ಸಾವಿಗೆ. ಹೋದಲ್ಲೆಲ್ಲ ಸೆರಗು ಸಿಕ್ಕಿಸಿ ಅಡುಗೆಮನೆಗೆ ನುಗ್ಗಬೇಕಾಗಿತ್ತು. ಇವತ್ತು ಯಾರೂ ಹೆತ್ತಿಲ್ಲ, ಯಾರೂ ಸತ್ತಿಲ್ಲ. ಕೈಯಲ್ಲೊಂದು ಖಾಲಿ ಡಬ್ಬಿ. ಪಕ್ಕದಲ್ಲಿ ಕೂತವಳು, ಬಟ್ಟೆಮಲ್ಲಪ್ಪಕ್ಕೆ ಹೊರಟಿದ್ದ ಕೆರಿಯಮ್ಮ ಎಂಬಾಕೆ, ಯಾರ ಮನೆಗೆ ಹೊರಟಿರಿ ಎಂದು ಕೇಳಿದಳು. ಹೆಪ್ಪು ತರಲಿಕ್ಕೆ ಎಂದಳು ಕನ್ನಮ್ಮ. ನಿಮ್ಮ ಕಡೆ ಎಮ್ಮೆ ಇಲ್ಲವಾ ಎಂದು ಅವಳು ಕೇಳಿದಾಗ, ಇದೆ, ಅದಕ್ಕೇ ಹುಷಾರಿಲ್ಲ ಎಂದಳು. ಆಮೇಲೆ ಬಟ್ಟೆಮಲ್ಲಪ್ಪ ಬರುವವರೆಗೂ ಅವಳಿಗೆ ಗಾಜಿನ ತೊಟ್ಟಿಯ ಕತೆಯೆಲ್ಲ ಹೇಳಿ, ಇಬ್ಬರೂ ಬಾಯಿಗೆ ಸೆರಗು ಒತ್ತಿ ನಕ್ಕರು.

ಹೊಸನಗರದಲ್ಲಿ ಸುಮನಾ ಬಾಗಿಲಲ್ಲೇ ಕಾಯುತ್ತಿದ್ದರು. ಒಳಗೆ ಹೋದರೆ ಅವರ ಗಂಡ ರಾಜೇಂದ್ರ ಸಿಂಕಿನ ಮುಂದೆ ನಿಂತು ಪಾತ್ರೆ ತೊಳೆಯುತ್ತಿದ್ದರು. ಕನ್ನಮ್ಮನಿಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಆದರೂ ಕಣ್ಣು ತನ್ನ ಕೆಲಸ ಮಾಡಿಯೇಬಿಟ್ಟಿತು: ಬಾಣಲೆಯ ಹಿಂಬದಿ ಸರಿಯಾಗಿ ಬೆಳಗಿಲ್ಲ. ತುಟಿಯವರೆಗೆ ಬಂದದ್ದನ್ನು ನುಂಗಿಕೊಂಡಳು. ತೊಳೆಯುವವರ ಹಿಂದೆ ನಿಂತು ಇನ್ನೊಮ್ಮೆ ನೀರು ಹಾಕುವವಳು ತಾನಾಗಬಾರದು.

ಸುಮನಾ ತಮ್ಮ ತೊಟ್ಟಿಯ ಫಿಲ್ಟರು ತೆರೆದರು. ಅರ್ಧ ಸ್ಪಂಜನ್ನು ಕತ್ತರಿಸಿ ಕೊಟ್ಟರು. ಆಮೇಲೆ ಬಳೆಗಳನ್ನು ಹೆಕ್ಕಿ ತೆಗೆಯುವ ಬದಲು, ಒಳಗಿನಿಂದ ಬಳೆ ತುಂಬಿದ ಪುಟ್ಟ ಜಾಲರಿ ಚೀಲವೊಂದನ್ನೇ ಎತ್ತಿ ಡಬ್ಬಿಗೆ ಹಾಕಿ, ಅದೇ ತೊಟ್ಟಿಯ ನೀರು ತುಂಬಿದರು. ಒಣಗಬಾರದು, ಬಿಸಿಯಾಗಬಾರದು, ಮುಚ್ಚಳ ಬಿಗಿಯಾಗಬಾರದು ಎಂದರು. ಇನ್ನು ಮುಂದೆ ಸ್ಪಂಜಾಗಲಿ ಬಳೆಯಾಗಲಿ ಹಳೆಯದಾದರೆ ಒಂದೇ ಸಲ ಬದಲಿಸಬಾರದು. ಅರ್ಧ ಹಳೆಯದು, ಅರ್ಧ ಹೊಸದು. ಹಳೆಯದರ ಜೀವ ಹೊಸದಕ್ಕೆ ಹಬ್ಬಿದ ಮೇಲೆ ಉಳಿದರ್ಧ. ಕನ್ನಮ್ಮ ಡಬ್ಬಿಯನ್ನು ಮೂಗಿನ ಹತ್ತಿರ ಹಿಡಿದಳು. ಕೊಳೆತ ನಾತ ಬರಬಹುದೆಂದು ಉಸಿರು ಬಿಗಿಹಿಡಿದಿದ್ದಳು. ಬಂದದ್ದು ನಾಟಿಗೆ ಹದ ಮಾಡಿದ ಗದ್ದೆಯ ಕೆಸರಿನ ವಾಸನೆ.

ಊಟ ಮಾಡಿಸದೆ ಸುಮನಾ ಬಿಡಲಿಲ್ಲ. ಬಡಿಸಿದವರು ರಾಜೇಂದ್ರ. ಕೂತಲ್ಲಿಗೆ ಅನ್ನ ಬಂತು, ಸಾರು ಬಂತು, ತಟ್ಟೆ ತೆಗೆಯಲು ಎದ್ದರೆ ಬೇಡ ಎಂದರು. ಕನ್ನಮ್ಮ ಆ ಊಟದ ರುಚಿಯನ್ನು ಆಮೇಲೆ ಎಷ್ಟೋ ಜನಕ್ಕೆ ಹೇಳಿದಳು. ಸಾರಿಗೆ ಉಪ್ಪು ಕಮ್ಮಿಯಿದ್ದದ್ದನ್ನು ಯಾರಿಗೂ ಹೇಳಲಿಲ್ಲ.

ತಿರುಗಿ ಬರುವಾಗ ಬಸ್ಸು ತುಂಬಿತ್ತು. ಇಂಜಿನ್ನಿನ ಹತ್ತಿರ ಖಾಲಿ ಸೀಟಿದ್ದರೂ ಬಿಸಿಯೆಂದು ಅವಳು ಅಲ್ಲಿ ಕೂರಲಿಲ್ಲ. ನಿಂತೇ ಬಂದು, ಬಟ್ಟೆಮಲ್ಲಪ್ಪದಲ್ಲಿ ಜನ ಇಳಿದ ಮೇಲೆ ಕಿಟಕಿಯ ಪಕ್ಕ ಜಾಗ ಹಿಡಿದಳು. ಡಬ್ಬಿಯನ್ನು ಮಡಿಲಲ್ಲಿಟ್ಟು ಮುಚ್ಚಳ ಸರಿಸಿ ನೋಡಿದಳು. ಹಗಲ ಬೆಳಕು ನೇರವಾಗಿ ಒಳಗೆ ಬಿತ್ತು. ಜಾಲರಿ ಚೀಲದ ಅಂಚನ್ನು ಎರಡು ಸಾಲು ಹೊಲಿದಿದ್ದರು. ನೂಲಿನ ಬಣ್ಣ ನೇರಳೆ.

ಕನ್ನಮ್ಮ ತನ್ನ ರವಿಕೆಯ ಕಂಕುಳನ್ನು ಒಮ್ಮೆ ನೋಡಿಕೊಂಡಳು, ಚೀಲವನ್ನು ಇನ್ನೊಮ್ಮೆ ನೋಡಿದಳು. ಮೊದಲು ಸಿಟ್ಟು ಬಂತು. ಆಮೇಲೆ, ಡ್ರೈವರು ಕನ್ನಡಿಯಲ್ಲಿ ಇಣುಕಿ ನೋಡುವಷ್ಟು ಜೋರಾಗಿ ನಗು ಬಂತು.

ಮನೆಗೆ ಬಂದಾಗ ಜಗಲಿಯೆಲ್ಲ ಒದ್ದೆ. ಭೂತಪ್ಪ ಸೊಸೆಯ ಮಣೆಯ ಮೇಲೆ ತೊಟ್ಟಿಗೆ ಮುಖ ಮಾಡಿ ಕೂತಿದ್ದ. ಬನಿಯನ್ ನೆನೆದಿತ್ತು, ಬಾಯಲ್ಲಿ ಎಲೆಅಡಿಕೆ ಇರಲಿಲ್ಲ.

“ಒಂದು ಹೋತು ಮಾರಾಯ್ತಿ” ಎಂದ. “ಸಣ್ಣದು. ಬಸಳೆ ಬುಡಕ್ಕೆ ಹೂತೆ.”

ಸಾರಿನ ಮಾತು ಬರುತ್ತದೆಂದು ಅವಳು ಕಾದಳು. ಬರಲಿಲ್ಲ. ಎಮ್ಮೆ ಇನ್ನೂ ಉಸಿರಾಡುತ್ತಿದೆ, ಎರಡು ಸಲ ಬಾಲ ಆಡಿಸಿತು, ನಾನು ಕಣ್ಣಾರೆ ನೋಡಿದೆ ಎಂದ. ಕನ್ನಮ್ಮ ಸೀರೆ ಬದಲಿಸಲಿಲ್ಲ. ಹೊಸ ಸ್ಪಂಜನ್ನು ತೆಗೆದು ಕತ್ತರಿಸಿ, ಅರ್ಧ ಉಳಿಸಿಕೊಂಡು, ಜೊತೆಗೆ ಕಂದು ಸ್ಪಂಜಿನ ತುಂಡು ಸೇರಿಸಿದಳು. ತನ್ನ ಬಿಳಿ ಬಳೆಗಳ ನಡುವೆ ನೇರಳೆ ಅಂಚಿನ ಚೀಲವನ್ನು ಹುದುಗಿಸಿದಳು. ಬೆರಳಿಗೆ ಲೋಳೆ ಅಂಟಿತು. ಆ ಕೈಯನ್ನು ಅವಳು ಕೂಡಲೇ ತೊಳೆಯಲಿಲ್ಲ ಎನ್ನುವುದನ್ನು ಭೂತಪ್ಪ ಗಮನಿಸಿದ. ಮದುವೆಯಾದ ಮೇಲೆ ಅವಳ ಕೈಯನ್ನು ಅವನು ಅಷ್ಟು ಗಮನಿಸಿ ನೋಡಿದ್ದು ಅಪರೂಪ.

ಮರುದಿನವೆಲ್ಲ ಅವನೇ ನೀರು ಬದಲಿಸಿದ. ತೆಗೆದ ನೀರನ್ನು ಬಸಳೆಗೆ ಹಾಕಿದ. ಸಂಜೆಯ ಹೊತ್ತಿಗೆ ಮಬ್ಬು ಸ್ವಲ್ಪ ಹರಿಯಿತು. ಅದರ ಮರುದಿನ ಬೆಳಗ್ಗೆ ಎಮ್ಮೆ ಮೂಲೆ ಬಿಟ್ಟು ಹೊರಟು, ತಳದ ಕಲ್ಲುಗಳನ್ನು ಮೂತಿಯಿಂದ ಉರುಳಿಸುತ್ತ ಏನೋ ಹುಡುಕತೊಡಗಿತು. ಕನ್ನಮ್ಮ ಒಂದೇ ಒಂದು ಕಾಳು ಹಾಕಿದಳು. ಎಮ್ಮೆ ನುಂಗಿತು, ಉಗುಳಿತು, ಮತ್ತೆ ನುಂಗಿತು. ಅವಳಿಗೆ ಕಣ್ಣೀರೇ ಬಂತು.

ಆ ಮಧ್ಯಾಹ್ನ ಶ್ಯಾಮಲಾ ಬಂದಳು. ಅವಳು ಚೀಲ ಕೆಳಗಿಡುವ ಮುಂಚೆ ಎಲ್ಲವನ್ನೂ ತಾನೇ ಹೇಳಬೇಕೆಂದು ಕನ್ನಮ್ಮ ಬಾಗಿಲಲ್ಲಿ ನಿಂತಿದ್ದಳು. ಅಷ್ಟರಲ್ಲಿ ಭೂತಪ್ಪ ಜಗಲಿಯಿಂದಲೇ ಶುರುಮಾಡಿದ: ನಿಮ್ಮತ್ತೆ ನಿನ್ನ ಡಬ್ಬಿ ತೊಳೆದು ಹಾಕಿದ್ದಳು, ತಾನಿಲ್ಲದಿದ್ದರೆ ಎಮ್ಮೆಯ ಕತೆ ಮುಗಿದಿತ್ತು, ಎಷ್ಟು ಬಕೀಟು ನೀರು ಹೊತ್ತೆ ಗೊತ್ತಾ. ಅವನು ಬಕೀಟು ಹಿಡಿದ ಸಂಗತಿ ಅಷ್ಟು ಹೊತ್ತಿಗಾಗಲೇ ಊರಿಗೆಲ್ಲ ತಿಳಿದಿತ್ತು. ಕನ್ನಮ್ಮ ತನ್ನ ಆಯುಷ್ಯದಲ್ಲಿ ಹೊತ್ತ ಬಕೀಟುಗಳ ಸುದ್ದಿ ಯಾವ ಮನೆಗೂ ಮುಟ್ಟಿರಲಿಲ್ಲ. ಇರಲಿ. ಫಿಲ್ಟರಿನ ಮುಚ್ಚಳ ತೆಗೆದು, ನೇರಳೆ ಅಂಚಿನ ಚೀಲವನ್ನು ಎರಡು ಬೆರಳಲ್ಲಿ ಸ್ವಲ್ಪ ಎತ್ತಿ ತೋರಿಸಿದಳು.

ಶ್ಯಾಮಲಾ ತುಟಿ ಕಚ್ಚಿಕೊಂಡಳು. ತೊಟ್ಟಿ ಮನೆಗೆ ಬಂದ ದಿನಗಳಲ್ಲೇ ಆ ಚೀಲ ಹೊಲಿದು, ಹೊಸ ಬಳೆ ತುಂಬಿ, ನಿಮ್ಮ ಫಿಲ್ಟರಿನಲ್ಲಿ ಇಟ್ಟಿರಿ, ಒಂದಲ್ಲ ಒಂದು ದಿನ ಬೇಕಾಗುತ್ತದೆ ಎಂದು ಸುಮನಾ ಮೇಡಂಗೆ ಕೊಟ್ಟಿದ್ದಳಂತೆ.

“ಹಂಗಾರೆ ನನ್ ಮೇಲೆ ನಂಬಿಕೆ ಇರ್ಲಿಲ್ಲ ನಿಂಗೆ” ಎಂದಳು ಕನ್ನಮ್ಮ.

“ಇತ್ತು ಅತ್ತೆ. ನೀವು ತೊಳ್ದೇ ತೊಳೀತೀರಿ ಅಂತ ಪೂರ್ತಿ ನಂಬಿಕೆ ಇತ್ತು.” ನಗು ತಡೆಯಲಾಗದೆ ಅತ್ತೆಯ ತೋಳು ಹಿಡಿದುಕೊಂಡಳು. “ಆಮೇಲೆ ಸುಮ್ನೆ ಕೂರಲ್ಲ, ಹೊಸನಗರಕ್ಕಾದ್ರೂ ಹೋಗಿ ತರ್ತೀರಿ ಅಂತ್ಲೂ ಇತ್ತು.”

ಸತ್ತ ಸಣ್ಣ ಮೀನಿನ ಸುದ್ದಿ ಕೇಳಿ ಅವಳು ಬಸಳೆಯ ಬುಡಕ್ಕೆ ಹೋಗಿ ಒಂದು ಗಳಿಗೆ ನಿಂತು ಬಂದಳು.

ಹಬ್ಬದ ಹಿಂದಿನ ದಿನ ಅತ್ತೆ ಸೊಸೆ ತೊಟ್ಟಿಯ ಪಕ್ಕದಲ್ಲೇ ಬುಟ್ಟಿ ಇಟ್ಟುಕೊಂಡು ಕೂತರು. ಕೆಮ್ಮಣ್ಣು ಒಣಗಿತ್ತು. ಮನೆಯಲ್ಲಿ ತೊಳೆಯಬೇಕಾದದ್ದೆಲ್ಲ ತೊಳೆದಾಗಿತ್ತು. ಕುಂಚ ಅದ್ದುವ ಮುಂಚೆ ಕನ್ನಮ್ಮನ ಕೈ ಅಭ್ಯಾಸಬಲದಿಂದ ಒದ್ದೆ ಬಟ್ಟೆ ಹಿಡಿದು ಕರಿ ಡಬ್ಬಿಯವರೆಗೆ ಹೋಯಿತು, ಮುಚ್ಚಳದ ಹತ್ತಿರ ತಡೆಯಿತು, ಹಿಂದೆ ಬಂತು. ಬಟ್ಟೆಯನ್ನು ಪಕ್ಕಕ್ಕಿಟ್ಟು ಅವಳು ಬುಟ್ಟಿಯ ಕಂಠದ ಸುತ್ತ ಮೊದಲ ಗೆರೆ ಎಳೆದಳು. ಅದರ ಕೆಳಗೆ ಎಂದೂ ಬರೆಯದ ಒಂದು ಸಾಲು ಸಣ್ಣ ಬಳೆಗಳನ್ನು ಬರೆದಳು. ಶ್ಯಾಮಲಾ ನೋಡಿದಳು, ತನ್ನ ಕಡೆಯಿಂದಲೂ ಅದೇ ಸಾಲು ಮುಂದುವರಿಸಿದಳು. ಎಮ್ಮೆ ಗಾಜಿಗೆ ಮೂತಿ ಒತ್ತಿ ನಿಂತಿತ್ತು.

ನೀರು ಬದಲಿಸುವ ಹೊತ್ತಾಗಿತ್ತು. ಜಗಲಿಯ ಇನ್ನೊಂದು ತುದಿಯಲ್ಲಿ ಭೂತಪ್ಪ ಎದ್ದ ಸದ್ದು ಕೇಳಿತು. ಅತ್ತ ಹೋದ, ಇತ್ತ ಬಂದ, ಬಚ್ಚಲಿಗೆ ಇಣುಕಿದ. ಆಮೇಲೆ ಆ ಮನೆಯಲ್ಲಿ ಅದುವರೆಗೆ ಯಾವ ಗಂಡಸೂ ಕೇಳದ ಪ್ರಶ್ನೆಯನ್ನು ಕೇಳಿದ.

“ಬಕೀಟು ಎಲ್ಲಿಟ್ಟೀಯೆ?”

ಕನ್ನಮ್ಮ ಬಳೆಯ ಸಾಲಿನಿಂದ ತಲೆ ಎತ್ತಲಿಲ್ಲ.

“ಹುಡುಕ್ಕಳಿ” ಎಂದಳು.